ನೋಡಿ ಕಲಿಯುವ ವಿದ್ಯೆ

ನಾಡಿನ ಮೇಲಣ ಅಭಿಮಾನವು ಬಾಯಿಮಾತಿನಿಂದ ಸಿದ್ಧಿಸತಕ್ಕ ವಸ್ತುವಲ್ಲ. ಯಾವುದನ್ನು ಪ್ರೀತಿಸುತ್ತೇವೆಂದು ಹೇಳುತ್ತೇವೆಯೋ ಅದರ ಪರಿಚಯವು ನಮಗೆ ಮೊದಲು ಆಗಿರಬೇಕು. ನೆಲವೆಂದರೆ ಬರಿಯ ಮಣ್ಣಲ್ಲ. ಆ ಮಣ್ಣಿನಲ್ಲಿ ಹುಟ್ಟಿದ ಗಿಡಮರ, ಆ ಮರದ ಮೇಲೆ ಕೂತ ಹಕ್ಕಿ, ಆ ಕೆರೆಯ ನೀರಿನಲ್ಲಿ ತೇಲುವ ಬಾತು, ಇವೆಲ್ಲ ಕೂಡಿಯೇ ನಾಡು. ಹೀಗಿರಲು ನಮ್ಮ ಪಟ್ಟಣಗಳ ವಿದ್ಯಾವಂತನನ್ನು ನಿಲ್ಲಿಸಿ, ಅವನ ಮನೆಯಿಂದ ಕಚೇರಿಯವರೆಗಿನ ದಾರಿಯಲ್ಲಿರುವ ಹತ್ತು ಮರಗಳ ಹೆಸರನ್ನು ಕೇಳಿದರೆ ಎಷ್ಟು ಉತ್ತರ ದೊರೆತೀತು? ದೂರದೇಶದ ಚುನಾವಣೆಯ ಅಂಕಿಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡ ಮಹಾಶಯನು ತನ್ನ ಹಿತ್ತಲ ಬೇಲಿಯ ಬಳ್ಳಿಯನ್ನು ತೋರಿಸಿದರೆ ‘ಯಾವುದೋ ಕಾಡುಬಳ್ಳಿ’ ಎಂದು ಕೈಬಿಡುತ್ತಾನೆ. ಮರದಲ್ಲಿ ಕೂಗುವುದೆಲ್ಲವೂ ಅವನಿಗೆ ‘ಯಾವುದೋ ಹಕ್ಕಿ’. ಈ ‘ಯಾವುದೋ’ ಎಂಬ ಪದವು ನಮ್ಮ ವಿದ್ಯಾಭ್ಯಾಸಕ್ಕೆ ತಗುಲಿದ ಒಂದು ದೊಡ್ಡ ಕುಂದೆಂದು ನಾವು ಭಾವಿಸುತ್ತೇವೆ.

ನಮ್ಮ ಜಿಲ್ಲೆಯಲ್ಲಿಯೇ ಹಕ್ಕಿಯ ಹೆಸರನ್ನು ಹೊತ್ತ ಪಟ್ಟಣವೊಂದಿದೆ. ಗುಬ್ಬಿಯ ದೇವಾಲಯದಲ್ಲಿ ಪುರಾಣಶ್ರವಣಕ್ಕೆ ದಿನವೂ ಬರುತ್ತಿದ್ದ ಎರಡು ಗುಬ್ಬಚ್ಚಿಗಳ ಐತಿಹ್ಯವನ್ನು ಅಲ್ಲಿಯ ಹಿರಿಯರು ಇಂದಿಗೂ ಹೇಳುವರು. ಆ ಕಥೆಯ ಸತ್ಯಾಸತ್ಯವು ಹೇಗೇ ಇರಲಿ, ಬಂದ ಹಕ್ಕಿ ಯಾವುದು, ಎಷ್ಟು, ಯಾವ ಹೊತ್ತಿಗೆ ಬಂದಿತು ಎಂಬುದನ್ನು ಗಮನಿಸಿ ನೆನಪಿಟ್ಟವರು ಅಲ್ಲಿದ್ದರೆಂಬುದು ಆ ಕಥೆಯಲ್ಲಿಯೇ ಅಡಗಿದೆ. ಕುಣಿಗಲ್ ಕೆರೆಯ ಸೊಬಗನ್ನು ಜನಪದರು ಹಾಡಿ ಕನ್ನಡನಾಡಿಗೆಲ್ಲ ಪ್ರಸಿದ್ಧಪಡಿಸಿದರು. ಈ ಊರುಗಳಲ್ಲಿ ವಾಸಮಾಡುವ ನಾವು ಆ ಹಾಡನ್ನು ಬಲ್ಲೆವು. ಕೆರೆಯಲ್ಲಿ ಈಹೊತ್ತು ಯಾವ ಹಕ್ಕಿ ತೇಲುತ್ತಿದೆಯೆಂಬುದನ್ನು ಬಲ್ಲೆವೆ?

ನಮ್ಮ ಪೂರ್ವಿಕರಿಗೆ ಈ ವಿದ್ಯೆ ಇರಲಿಲ್ಲವೆಂದು ಯಾರೂ ಹೇಳಲಾರರು. ಪಾಠಶಾಲೆಯಲ್ಲಿ ಓದಿದವರು ಅಮರಕೋಶದ ದ್ವಿತೀಯಕಾಂಡವನ್ನು ಬಲ್ಲರು. ಅಲ್ಲಿ ವನೌಷಧಿವರ್ಗದಲ್ಲಿ ಗಿಡಮರಬಳ್ಳಿಗಳ ಹೆಸರುಗಳೂ, ಸಿಂಹಾದಿವರ್ಗದಲ್ಲಿ ಮೃಗಪಕ್ಷಿಗಳ ಹೆಸರುಗಳೂ ಸಾಲುಗಟ್ಟಿ ನಿಂತಿವೆ. ಬಾಲಕರು ಅವನ್ನು ಕಂಠಪಾಠ ಮಾಡಿದರು. ಆದರೆ ಗುರುವು ಶಿಷ್ಯನನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ‘ಇದೇ ಅದು’ ಎಂದು ತೋರಿಸಿದ್ದು ವಿರಳ. ಹೀಗೆ ವಿದ್ಯಾವಂತರಲ್ಲಿ ನಾಮವು ಉಳಿಯಿತು, ರೂಪವು ತಪ್ಪಿತು. ಚಾತಕಪಕ್ಷಿಯ ಹೆಸರನ್ನು ಕಾವ್ಯದಲ್ಲಿ ಓದದ ಪಂಡಿತನಿಲ್ಲ. ಅದು ಮೋಡದ ನೀರನ್ನಲ್ಲದೆ ಬೇರೆ ಕುಡಿಯದೆಂದು ವರ್ಣಿಸದ ಕವಿಯಿಲ್ಲ. ಆದರೆ ಕಪ್ಪು ಬಿಳುಪು ಬಣ್ಣದ, ತಲೆಯ ಮೇಲೆ ಚೊಟ್ಟಿಯುಳ್ಳ, ಕೋಗಿಲೆಯ ಬಳಗಕ್ಕೆ ಸೇರಿದ ಆ ಹಕ್ಕಿಯನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ಅದು ತನ್ನ ಮೊಟ್ಟೆಯನ್ನು ಹರಟೆಮಲ್ಲ ಹಕ್ಕಿಗಳ ಗೂಡಿನಲ್ಲಿಟ್ಟು ಸಾಕುವ ಭಾರವನ್ನು ಅವುಗಳ ಮೇಲೆ ಹೊರಿಸುವುದೆಂಬ ಸಂಗತಿಯು ಕವಿಸಮಯಕ್ಕಿಂತ ಕಡಿಮೆ ಆಶ್ಚರ್ಯಕರವೆ?

ಇತ್ತ ಅಕ್ಷರವರಿಯದ ಜನರಲ್ಲಿ ರೂಪದ ಜ್ಞಾನವು ಪೂರ್ಣವಾಗಿ ಉಳಿದಿತ್ತು. ರಾಗಿಯ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ಕಂಡವರು ಇದನ್ನು ಬಲ್ಲರು. ಸಂಜೆ ಮನೆಗೆ ಮರಳುವಾಗ ಅವರ ಮಡಿಲಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನೆ, ಗಣಿಕೆ, ಕೊಮ್ಮೆ, ಒಂದೆಲಗ ಎಲ್ಲವೂ ಬೆರೆತಿರುವುವು. ಅದೇ ಬೆರಕೆಸೊಪ್ಪು, ಅದೇ ಆ ರಾತ್ರಿಯ ಮುದ್ದೆಗೆ ಸಾರು. ಎಳೆಯ ಗಿಡ ಎರಡೇ ಎಲೆ ಬಿಟ್ಟಿರುವಾಗಲೇ ಇದು ತಿನ್ನತಕ್ಕದ್ದು, ಇದು ತಿನ್ನಲಾಗದ್ದು ಎಂದು ಆಕೆ ಹೇಳಬಲ್ಲಳು. ಇದನ್ನು ಆಕೆ ಯಾವ ಪುಸ್ತಕದಿಂದ ಕಲಿತಳು? ತಾಯಿಯ ಹಿಂದೆ ವರ್ಷವರ್ಷವೂ ಅದೇ ಹೊಲದಲ್ಲಿ ನಡೆದು, ನೋಡಿ, ಮುಟ್ಟಿ, ಮೂಸಿ ಕಲಿತಳು. ಈಗ ಹೊಲಕ್ಕೆ ಕಳೆನಾಶಕದ ಔಷಧಿಯು ಬಂದಿದೆ. ಬೆಳೆಯಲ್ಲದ್ದೆಲ್ಲವೂ ಒಂದೇ ದಿನದಲ್ಲಿ ಒಣಗುತ್ತದೆ. ಸೊಪ್ಪು ಹೋಯಿತು; ಸೊಪ್ಪಿನೊಡನೆ ಅದರ ಗುರುತು ಹೋಯಿತು; ಗುರುತಿನೊಡನೆ ಹೆಸರೂ ಹೋಗುತ್ತಲಿದೆ. ಪಂಡಿತನ ಹೆಸರು ಒಂದು ಕಡೆ, ಒಕ್ಕಲಿನ ಹೆಣ್ಣುಮಗಳ ಗುರುತು ಒಂದು ಕಡೆ. ಇವೆರಡನ್ನು ಕೂಡಿಸುವ ಕೆಲಸವೇ ನಾವು ಈ ದಿನ ವಾಚಕರ ಮುಂದೆ ಇಡಲೆಳಸುವ ವಿಷಯ.

ಹೆಸರು ಮಾತ್ರ ಸಾಲದೆಂಬುದಕ್ಕೆ ಒಂದು ನಿದರ್ಶನ. ಬ್ರಾಹ್ಮಿಯೆಂದು ಅಂಗಡಿಯಲ್ಲಿ ಕೇಳಿದರೆ ಒಬ್ಬನು ಒಂದೆಲಗವನ್ನು ಕೊಡುವನು, ಇನ್ನೊಬ್ಬನು ನೀರುಬ್ರಾಹ್ಮಿಯನ್ನು ಕೊಡುವನು. ಒಂದರ ಎಲೆಯು ದುಂಡಗೆ ಒಂದೊಂದಾಗಿ ಉದ್ದ ತೊಟ್ಟಿನ ಮೇಲೆ ನಿಂತಿರುವುದು. ಇನ್ನೊಂದರ ಎಲೆಯು ಚಿಕ್ಕದು, ದಪ್ಪನಾದುದು, ಕಾಂಡದ ಎರಡು ಪಕ್ಕಗಳಲ್ಲಿ ಎದುರುಬದುರಾಗಿ ಹುಟ್ಟುವುದು. ಎರಡಕ್ಕೂ ನಂಟಿಲ್ಲ. ನೆಲನೆಲ್ಲಿಯ ಮಾತೂ ಹೀಗೆಯೇ: ಅದನ್ನೇ ಹೋಲುವ ಬೇರೆ ಬೇರೆ ಜಾತಿಯ ಸಣ್ಣ ಗಿಡಗಳು ಒಂದೇ ಬದುವಿನಲ್ಲಿ ಬೆಳೆಯುವುವು. ಔಷಧಿಯ ವಿಷಯದಲ್ಲಿ ಇಂಥ ತಪ್ಪು ಎಷ್ಟು ಅನರ್ಥಕರವೆಂಬುದನ್ನು ವಿವರಿಸಬೇಕಾದುದಿಲ್ಲ.

ಹಾಗಾದರೆ ಕಲಿಯುವ ಕ್ರಮವೇನು? ಇದಕ್ಕೆ ದೂರಪ್ರಯಾಣ ಬೇಡ, ಹೆಚ್ಚಿನ ವೆಚ್ಚವೂ ಬೇಡ. ಬೇಕಾದುದು ಒಂದು ನೋಟುಬುಕ್ಕು, ಒಂದು ಪೆನ್ಸಿಲ್ಲು, ಮತ್ತು ನಿಯಮ. ಒಂದೇ ಸ್ಥಳವನ್ನು ಆರಿಸಿಕೊಳ್ಳಬೇಕು. ವಾರಕ್ಕೆ ಒಂದು ದಿನವಾದರೂ ಒಂದೇ ಹೊತ್ತಿಗೆ ಅಲ್ಲಿಗೆ ಹೋಗಬೇಕು. ವರ್ಷದ ಹನ್ನೆರಡು ತಿಂಗಳೂ ಬಿಡದೆ ಹೋಗಬೇಕು. ತಾರೀಖು, ಹೊತ್ತು, ಕಂಡದ್ದು ಯಾವುದು, ಎಷ್ಟು, ಏನು ಮಾಡುತ್ತಿತ್ತು, ಇಷ್ಟನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಮನೆಗೆ ಬಂದು ಬರೆಯುವೆನೆಂದರೆ ನೆನಪು ಅರ್ಧವನ್ನು ನುಂಗಿ ಉಳಿದರ್ಧಕ್ಕೆ ಬಣ್ಣ ಕಟ್ಟುತ್ತದೆ. ಹೆಸರು ತಿಳಿಯದಿದ್ದರೆ ‘ತಿಳಿಯದು’ ಎಂದೇ ಬರೆಯಬೇಕು. ಅದರಲ್ಲಿ ಅವಮಾನವೇನೂ ಇಲ್ಲ. ಕಾಣದುದನ್ನು ಕಂಡೆನೆಂದು ಬರೆಯುವುದೊಂದೇ ಈ ವಿದ್ಯೆಯಲ್ಲಿ ಮಹಾಪಾತಕ.

ನಿಯಮಕ್ಕೆ ಇಷ್ಟು ಪ್ರಾಶಸ್ತ್ಯವೇಕೆಂದರೆ, ಸೃಷ್ಟಿಯು ಒಂದು ದಿನದಲ್ಲಿ ತನ್ನ ಗುಟ್ಟನ್ನು ಬಿಟ್ಟುಕೊಡದು. ಗದ್ದೆಯಲ್ಲಿ ನಿಂತ ಬಿಳಿಯ ಹಕ್ಕಿಗಳೆಲ್ಲವನ್ನೂ ನಾವು ಬೆಳ್ಳಕ್ಕಿಯೆನ್ನುತ್ತೇವೆ. ಗಮನವಿಟ್ಟು ನೋಡಿದರೆ ಅವು ಹಲವು. ಉಳುವ ಎತ್ತುಗಳ ಹಿಂದೆ ಓಡಾಡುವ ಗಿಡ್ಡ ಕತ್ತಿನ, ಹಳದಿ ಕೊಕ್ಕಿನ ಹಕ್ಕಿ ಗೋವಕ್ಕಿ; ಮರಿಮಾಡುವ ಕಾಲದಲ್ಲಿ ಅದರ ತಲೆ ಕತ್ತುಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ನೀರಂಚಿನಲ್ಲಿ ಕರಿಯ ಕೊಕ್ಕು, ಕರಿಯ ಕಾಲು, ಹಳದಿ ಬೆರಳುಗಳಿಂದ ಕೂಡಿದ್ದು ಸಣ್ಣ ಬೆಳ್ಳಕ್ಕಿ. ಇವೆಲ್ಲಕ್ಕಿಂತ ಎತ್ತರವಾಗಿ ಕತ್ತನ್ನು ಕೊಂಕಿಸಿ ನಿಲ್ಲುವುದು ದೊಡ್ಡ ಬೆಳ್ಳಕ್ಕಿ. ಇದರ ಕೊಕ್ಕು ಸಾಧಾರಣವಾಗಿ ಹಳದಿ, ಮರಿಮಾಡುವಾಗ ಕಪ್ಪು. ಒಂದೇ ಸಲ ನೋಡಿ ಬಂದವನು ಹಳದಿ ಕೊಕ್ಕಿನದೊಂದು, ಕರಿಯ ಕೊಕ್ಕಿನದಿನ್ನೊಂದು ಎಂದು ಎರಡು ಹಕ್ಕಿಗಳನ್ನು ಎಣಿಸಿಯಾನು. ವರ್ಷವೆಲ್ಲ ನೋಡಿದವನು ಮಾತ್ರ ಅದು ಒಂದೇ ಎಂದು ಅರಿಯಬಲ್ಲನು. ಹದ್ದಿಗೂ ಗರುಡನಿಗೂ ಭೇದವು ಹೀಗೆಯೇ ತಿಳಿಯತಕ್ಕದ್ದು: ಹದ್ದಿನ ಬಾಲವು ಕವಲಾಗಿದೆ, ಗರುಡನ ಬಾಲವು ದುಂಡಗಿದೆ. ಕರಿಯ ಗಂಡುಕೋಗಿಲೆಯನ್ನು ಬಲ್ಲವರು, ಮೈಯೆಲ್ಲ ಚುಕ್ಕೆಯುಳ್ಳ ಹೆಣ್ಣುಕೋಗಿಲೆಯನ್ನು ಬೇರೆ ಹಕ್ಕಿಯೆಂದೇ ತಿಳಿದಿರುವುದುಂಟು.

ಗಿಡಗಳ ಮಾತಿನಲ್ಲಿಯೂ ಹೂವನ್ನೊಂದನ್ನೇ ನಂಬಿ ಕೂಡಲಾಗದು. ಎಲೆಗಳು ಎದುರುಬದುರಾಗಿವೆಯೋ, ಒಂದು ಬಿಟ್ಟು ಒಂದಾಗಿವೆಯೋ, ಚಿವುಟಿದರೆ ಎಕ್ಕದಂತೆ ಹಾಲು ಬರುವುದೋ ಇಲ್ಲವೋ, ಉಜ್ಜಿದರೆ ತುಂಬೆಯಂತೆ, ಲಕ್ಕಿಯಂತೆ ವಾಸನೆಯುಂಟೋ, ತೊಗಟೆ ಹೇಗೆ, ಕಾಯಿ ಹೇಗೆ, ಇವನ್ನು ನೋಡಬೇಕು. ಮುತ್ತುಗವು ಎಲೆಯುದುರಿಸಿ ಕೆಂಡದಂತೆ ಹೂಬಿಟ್ಟಾಗ ಎಲ್ಲರೂ ಗುರುತಿಸುವರು. ಮಳೆಗಾಲದಲ್ಲಿ ಅದರ ಮೂರೆಲೆಯನ್ನು ಕಂಡು ಗುರುತಿಸುವವನೇ ಅದನ್ನು ಬಲ್ಲವನು. ಹೊಂಗೆಯು ಯಾವ ವಾರ ಚಿಗುರಿತು, ಕಕ್ಕೆಯು ಯಾವ ವಾರ ಹಳದಿಯ ಗೊಂಚಲು ಬಿಟ್ಟಿತು, ಹೋದ ವರ್ಷಕ್ಕಿಂತ ಮುಂಚೆಯೋ ಹಿಂದೆಯೋ, ಇದನ್ನು ಹತ್ತು ವರ್ಷ ಬರೆದಿಟ್ಟ ಶಾಲೆಯೊಂದು ನಮ್ಮ ಜಿಲ್ಲೆಯಲ್ಲಿದ್ದರೆ, ಹವೆಯು ಬದಲಾಗುತ್ತಿದೆಯೆಂಬ ಮಾತಿಗೆ ನಮ್ಮ ಊರಿನದೇ ಸಾಕ್ಷಿ ಸಿಗುತ್ತಿತ್ತು. ಗಿಡವನ್ನು ಬೇರುಸಹಿತ ಕೀಳಬೇಡಿ, ಗೂಡಿನ ಹತ್ತಿರ ಹೋಗಿ ತಾಯಿಹಕ್ಕಿಯನ್ನು ಬೆದರಿಸಬೇಡಿ ಎಂಬ ಎರಡು ಮಾತನ್ನು ಎಳೆಯರಿಗೆ ಮೊದಲ ದಿನವೇ ಹೇಳತಕ್ಕದ್ದು.

ಕ್ಷೇತ್ರಕ್ಕೆ ನಮ್ಮಲ್ಲಿ ಕೊರತೆಯೆ? ತುಮಕೂರಿನ ಅಮಾನಿಕೆರೆಯ ದಂಡೆಯ ಮೇಲೆ ಪ್ರಾತಃಕಾಲ ನಡೆಯುವ ಮಹನೀಯರು ದೇಹಾರೋಗ್ಯಕ್ಕಾಗಿ ಇಡುವ ಹೆಜ್ಜೆಗಳೊಡನೆ ಕಣ್ಣನ್ನೂ ನೀರಿನ ಕಡೆಗೆ ತಿರುಗಿಸಿದರೆ ಸಾಕು. ಗುಬ್ಬಿಯ ಕೆರೆ, ಶಿಂಷೆಯನ್ನು ಕಟ್ಟಿ ನಿಲ್ಲಿಸಿದ ಕಡಬದ ಕೆರೆ, ಕುಣಿಗಲ್ಲಿನ ದೊಡ್ಡಕೆರೆ, ಮಾರ್ಕೋನಹಳ್ಳಿಯ ಜಲಾಶಯ ಎಲ್ಲವೂ ಪಾಠಶಾಲೆಗಳೇ. ಶಿಂಷಾ ಜಯಮಂಗಲಿಗಳ ಉಗಮಸ್ಥಾನವಾದ ದೇವರಾಯನದುರ್ಗದ ಬಂಡೆಗಳ ಸಂದಿಯ ಕುರುಚಲಿನಲ್ಲಿ ಹಳದಿ ಕತ್ತಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಅಲ್ಲಲ್ಲಿ ಮಾತ್ರ ಬದುಕಿರುವ ಈ ಹಕ್ಕಿಯನ್ನು ಕಾಣಲು ದೂರದೂರದಿಂದ ಜನರು ಬರುವರು. ಬೆಟ್ಟದ ತಪ್ಪಲಿನ ನಾಮದ ಚಿಲುಮೆಯಲ್ಲಿ ಔಷಧೀಯ ಸಸ್ಯಗಳ ವನವುಂಟು. ನಾಗವಲ್ಲಿಯ ಆಸುಪಾಸಿನ ಮರಗಳಲ್ಲಿ ಕಾಡುಪಾಪವು ರಾತ್ರಿ ಸಂಚರಿಸುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಹಿಂಡುಗಟ್ಟಿ ಮೇಯುತ್ತವೆ.

ಶಿರಾ ತಾಲ್ಲೂಕಿನ ಕಗ್ಗಲಡುವಿನ ವೃತ್ತಾಂತವು ವಿಶೇಷವಾಗಿ ಮನನೀಯವಾಗಿದೆ. ಊರ ನಡುವಿನ ಹುಣಸೆಯ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟಿ ಮರಿಮಾಡುತ್ತಿದ್ದುವು. ಗ್ರಾಮಸ್ಥರು ಅವನ್ನು ತಮ್ಮ ಊರಿನ ನೆಂಟರೆಂದೇ ಎಣಿಸಿ ಯಾರೂ ಕಾಡದಂತೆ ನೋಡಿಕೊಂಡರು. ಆದರೂ ಜಿಲ್ಲಾ ಕೇಂದ್ರಕ್ಕೆ ಅದರ ಸುದ್ದಿಯಿರಲಿಲ್ಲ. ೧೯೯೯ರಲ್ಲಿ ತುಮಕೂರಿನ ನಿಸರ್ಗಾಸಕ್ತರು ಹೋಗಿ, ನೋಡಿ, ಎಣಿಸಿ, ಬರೆದು ಪ್ರಕಟಿಸಿದ ಮೇಲೆ ಕಗ್ಗಲಡುವಿನ ಹೆಸರು ನಾಡಿಗೆ ತಿಳಿಯಿತು. ಹಳ್ಳಿಗರ ಪ್ರೀತಿಯೂ ಪಟ್ಟಣಿಗರ ದಾಖಲೆಯೂ ಕೂಡಿದಾಗ ಏನು ಸಾಧ್ಯವೆಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕಿಲ್ಲ.

ಹಿರಿಯರ ಮೇಲ್ಪಂಕ್ತಿಯೂ ನಮಗಿದೆ. ಪಕ್ಷಿಶಾಸ್ತ್ರದಲ್ಲಿ ಭಾರತಕ್ಕೇ ಗುರುವೆನಿಸಿದ ಸಲೀಂ ಅಲಿಯವರು ಬಾಲ್ಯದಲ್ಲಿ ತಾವು ಹೊಡೆದ ಹಕ್ಕಿಯೊಂದರ ಗುರುತು ತಿಳಿಯದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕೊಂಡೊಯ್ದರು. ಅದು ಹಳದಿ ಕತ್ತಿನ ಗುಬ್ಬಿ. ‘ಇದು ಯಾವುದು?’ ಎಂಬ ಆ ಒಂದು ಪ್ರಶ್ನೆಯಿಂದ ಅವರ ಬಾಳಿನ ದಾರಿ ತೆರೆಯಿತು. ವಿಶ್ವವಿದ್ಯಾನಿಲಯದ ಪದವಿಯಿಲ್ಲದೆಯೇ ಅವರು ಆ ಶಾಸ್ತ್ರದ ಶಿಖರವನ್ನೇರಿದರು. ೧೯೩೯-೪೦ರಲ್ಲಿ ನಮ್ಮ ಮೈಸೂರು ಸೀಮೆಯ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿ, ೧೯೪೨-೪೩ರಲ್ಲಿ ಆ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದವರೂ ಅವರೇ. ಸಸ್ಯಗಳ ವಿಷಯದಲ್ಲಿ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಮೇಡು ಅಲೆದ ಅನುಭವವನ್ನು ‘ಹಸುರು ಹೊನ್ನು’ ಎಂಬ ಗ್ರಂಥದಲ್ಲಿ ಕನ್ನಡಿಗರಿಗೆ ಕೊಟ್ಟರು. ಅದಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದಲ್ಲಿ ಹಕ್ಕಿಗಳಿಗಾಗಿ ಕಾದು ಕೂತು ಚಿತ್ರ ತೆಗೆದು ‘ಕನ್ನಡ ನಾಡಿನ ಹಕ್ಕಿಗಳು’ ಎಂಬ ಪುಸ್ತಕವನ್ನು ಬರೆದರು. ಕನ್ನಡದಲ್ಲಿ ಸಾಧನಗಳಿಲ್ಲವೆಂಬ ನೆಪಕ್ಕೆ ಇನ್ನು ಎಡೆಯಿಲ್ಲ.

ಇದೆಲ್ಲ ಬಿಡುವಿರುವವರ ವಿನೋದ, ಲೋಕಕ್ಕೆ ಇದರಿಂದೇನು ಪ್ರಯೋಜನ ಎಂದು ಕೆಲವರು ಕೇಳಬಹುದು. ಆ ಮಹಾಶಯರಿಗೆ ನಾವು ಕಾನೂನನ್ನೇ ತೋರಿಸುತ್ತೇವೆ. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ತನ್ನ ಎಲ್ಲೆಯೊಳಗಿನ ಗಿಡಮರ ಪ್ರಾಣಿಪಕ್ಷಿಗಳನ್ನೂ ಅವುಗಳ ಬಗೆಗಿನ ಜನರ ತಿಳಿವನ್ನೂ ದಾಖಲುಮಾಡಿದ ಜನತಾ ಪುಸ್ತಕವೊಂದು ಸಿದ್ಧವಾಗಬೇಕು. ದೇಶದಲ್ಲಿ ಈ ಕೆಲಸವು ಎಷ್ಟು ಕಾಲ ಹಿಂದೆಬಿದ್ದಿತೆಂದರೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೨೦ರ ಜನವರಿ ೩೧ನ್ನು ಕೊನೆಯ ಗಡುವೆಂದು ವಿಧಿಸಿ ದಂಡದ ಭಯವನ್ನು ತೋರಿಸಬೇಕಾಯಿತು. ಗಡುವಿಗೆ ಹೆದರಿ ಮೇಜಿನ ಮುಂದೆ ಕೂತು ತುಂಬಿದ ಪುಸ್ತಕಕ್ಕೂ, ಕೆರೆ ಏರಿಯ ಮೇಲೆ ನಡೆದು ಬರೆದ ಪುಸ್ತಕಕ್ಕೂ ಅಜಗಜಾಂತರವುಂಟು. ಅಧಿಕಾರಿಗಳು ಎಷ್ಟೇ ದಕ್ಷರಾಗಲಿ, ಊರಿನಲ್ಲಿ ಗಿಡಹಕ್ಕಿಗಳನ್ನು ಬಲ್ಲ ಹತ್ತು ಮಂದಿಯಿಲ್ಲದಿದ್ದರೆ ಆ ಪುಸ್ತಕವನ್ನು ಯಾರಿಂದ ಬರೆಸುವರು? ನಾಳೆ ಗೋಮಾಳವೊಂದನ್ನು ‘ನಿರುಪಯುಕ್ತ ಭೂಮಿ’ಯೆಂದು ಕಾಗದದಲ್ಲಿ ಕಾಣಿಸಿ ಕಾರ್ಖಾನೆಗೆ ಕೊಡುವ ಪ್ರಸ್ತಾಪ ಬಂದಾಗ, ಅಲ್ಲಿ ಟಿಟ್ಟಿಭವು ಬರಿಯ ನೆಲದ ಮೇಲೆ ಮೊಟ್ಟೆಯಿಡುತ್ತದೆ, ಇಂತಿಂಥ ಹುಲ್ಲು, ಇಂತಿಂಥ ಔಷಧಿ ಇಲ್ಲಿ ಬೆಳೆಯುತ್ತದೆ ಎಂದು ತಾರೀಖುಸಹಿತ ಹೇಳುವವರಿಲ್ಲದಿದ್ದರೆ ಕಾಗದವೇ ಗೆಲ್ಲುತ್ತದೆ.

ಇನ್ನೂ ಒಂದು ಮಾತು. ಗುಬ್ಬಚ್ಚಿಯು ಅಳಿದೇಹೋಯಿತೆಂದು ಪ್ರತಿವರ್ಷವೂ ಮಾರ್ಚಿ ೨೦ರಂದು ಭಾಷಣಗಳಾಗುತ್ತವೆ. ಆದರೆ ಹಕ್ಕಿ ನೋಡುವವರ ಟಿಪ್ಪಣಿಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು, ಗುಬ್ಬಿಯು ದೊಡ್ಡ ನಗರಗಳಲ್ಲಿ ಕಡಿಮೆಯಾಗಿದ್ದರೂ ಒಟ್ಟು ದೇಶದಲ್ಲಿ ಸ್ಥಿರವಾಗಿಯೇ ಇದೆಯೆಂದು ತೋರಿಸಿತು. ೨೦೨೩ರ ವರದಿಯು ಸುಮಾರು ೩೦,೦೦೦ ಮಂದಿ ವೀಕ್ಷಕರ ೩ ಕೋಟಿ ಟಿಪ್ಪಣಿಗಳ ಆಧಾರದಿಂದ ೯೪೨ ಜಾತಿಗಳನ್ನು ಪರಿಶೀಲಿಸಿತು. ದೀರ್ಘಕಾಲದ ಗತಿಯನ್ನು ನಿರ್ಧರಿಸಲು ಸಾಧ್ಯವಾದ ೩೩೮ ಜಾತಿಗಳಲ್ಲಿ ೨೦೪ ಕ್ಷೀಣಿಸಿವೆ, ೯೮ ಸ್ಥಿರವಾಗಿವೆ, ೩೬ ಹೆಚ್ಚಿವೆ. ಕ್ಷೀಣಿಸುತ್ತಿರುವುವುಗಳಲ್ಲಿ ನಮ್ಮ ರಾಜ್ಯಪಕ್ಷಿಯಾದ ನೀಲಕಂಠವೂ ಸೇರಿದೆ. ಗುಬ್ಬಿಗಾಗಿ ಅತ್ತ ನಾವು ನೀಲಕಂಠಕ್ಕಾಗಿ ಎಚ್ಚರಗೊಳ್ಳಲಿಲ್ಲ. ಎಣಿಸದವನ ಕಣ್ಣೀರು ತಪ್ಪು ಸ್ಥಳದಲ್ಲಿ ಬೀಳುತ್ತದೆಂಬುದಕ್ಕೆ ಇದೇ ಪ್ರಮಾಣ. ಆ ಅಂಕಿಗಳನ್ನು ಒದಗಿಸಿದವರಲ್ಲಿ ಬಹುಮಂದಿ ಸಂಬಳದ ವಿಜ್ಞಾನಿಗಳಲ್ಲ. ತಮ್ಮ ತಮ್ಮ ಕೆಲಸಗಳ ನಡುವೆ ಬೆಳಗಿನ ಒಂದು ಗಂಟೆಯನ್ನು ಇದಕ್ಕೆ ಕೊಟ್ಟ ಸಾಮಾನ್ಯ ಜನರು.

ಕೈಯಲ್ಲಿರುವ ಮೊಬೈಲು ಯಂತ್ರವೇ ಚಿತ್ರವನ್ನು ನೋಡಿ, ಕೂಗನ್ನು ಕೇಳಿ ಹೆಸರು ಹೇಳುವ ಕಾಲದಲ್ಲಿ ಇಷ್ಟು ಶ್ರಮವೇಕೆಂದು ತರುಣರು ಕೇಳಿಯಾರು. ಯಂತ್ರವು ಸಹಾಯಕವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಹೇಳಿದ್ದು ಸರಿಯೋ ತಪ್ಪೋ ಎಂದು ತೂಗಿನೋಡುವ ಬುದ್ಧಿಯು ನೋಡುವವನಲ್ಲಿಯೇ ಇರಬೇಕಷ್ಟೆ. ಯಂತ್ರವು ಹೆಸರನ್ನು ಕೊಡುತ್ತದೆ, ಪರಿಚಯವನ್ನು ಕೊಡದು. ಅಮರಕೋಶದ ಕಂಠಪಾಠದಿಂದ ಆದ ಲೋಪವೇ ಈ ಹೊಸ ಕೋಶದಿಂದಲೂ ಆಗಬಾರದು.

ಆದುದರಿಂದ ನಮ್ಮ ಸೂಚನೆಗಳಿವು. ಪ್ರತಿಯೊಂದು ಪ್ರೌಢಶಾಲೆಯೂ ತನ್ನ ಹತ್ತಿರದ ಒಂದು ಕೆರೆಯನ್ನೋ ತೋಪನ್ನೋ ತನ್ನದೆಂದು ಆರಿಸಿಕೊಂಡು ತಿಂಗಳಿಗೆರಡು ಸಲ ಮಕ್ಕಳನ್ನು ಕರೆದೊಯ್ಯಲಿ; ಅಂದಿನ ಟಿಪ್ಪಣಿಯನ್ನು ಒಂದು ಗಟ್ಟಿ ಪುಸ್ತಕದಲ್ಲಿ ಬರೆದು ಶಾಲೆಯ ಆಸ್ತಿಯಾಗಿ ಕಾಪಾಡಲಿ. ಸೊಪ್ಪು ಬಲ್ಲ ಹಳ್ಳಿಯ ಹಿರಿಯ ಹೆಣ್ಣುಮಕ್ಕಳನ್ನು ಆ ದಿನಗಳಲ್ಲಿ ಗೌರವದಿಂದ ಬರಮಾಡಿಕೊಂಡು ಉಪಾಧ್ಯಾಯರ ಸ್ಥಾನದಲ್ಲಿ ನಿಲ್ಲಿಸಲಿ. ಆಕೆಗೆ ಓದುಬರಹ ಬಾರದೆಂಬುದು ಅಡ್ಡಿಯಾಗದಿರಲಿ. ತುಮಕೂರಿನ ಮಹಾನಗರಪಾಲಿಕೆಯೂ, ಗುಬ್ಬಿ ಕುಣಿಗಲ್ಲುಗಳ ಪುರಾಡಳಿತವೂ ತಮ್ಮ ಕೆರೆಗಳಲ್ಲಿ ಜನವರಿ ತಿಂಗಳಲ್ಲಿ ನೀರುಹಕ್ಕಿಗಳ ಎಣಿಕೆಯನ್ನು ನಾಗರಿಕರ ಸಹಾಯದಿಂದ ನಡೆಸಿ ಫಲಿತಾಂಶವನ್ನು ಪ್ರಕಟಿಸಲಿ. ಏಷ್ಯಾ ಖಂಡದಲ್ಲೆಲ್ಲ ೧೯೮೭ರಿಂದ ಆ ತಿಂಗಳಲ್ಲಿ ಇಂಥ ಎಣಿಕೆಯು ನಡೆದುಬಂದಿದೆ. ಜೀವವೈವಿಧ್ಯದ ಪುಸ್ತಕಗಳನ್ನು ಬೀರುವಿನಿಂದ ತೆಗೆದು ಗ್ರಂಥಾಲಯದಲ್ಲಿ ಜನರ ಕೈಗೆ ಸಿಗುವಂತೆ ಇಡಲಿ. ತಪ್ಪಿದ್ದರೆ ಬಲ್ಲವರು ತಿದ್ದುವರು, ಬಿಟ್ಟದ್ದಿದ್ದರೆ ಸೇರಿಸುವರು.

ಇವು ಅಧಿಕಾರಸ್ಥರಿಂದ ಆಗಬೇಕಾದುವು. ವಾಚಕರಿಂದ ಆಗಬೇಕಾದುದು ಇದಕ್ಕಿಂತ ಸುಲಭ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಬರುವ ಭಾನುವಾರ ಬೆಳಗ್ಗೆ ನಿಮ್ಮ ಬೀದಿಯ ಒಂದು ಮರವನ್ನು, ಆ ಮರದ ಒಂದು ಹಕ್ಕಿಯನ್ನು ಆರಿಸಿಕೊಳ್ಳಿರಿ. ಅದರ ಹೆಸರನ್ನು ಬಲ್ಲವರನ್ನು ಕೇಳಿ ತಿಳಿಯಿರಿ. ಮನೆಯ ಮಕ್ಕಳಿಗೆ ತೋರಿಸಿರಿ. ತಾರೀಖು ಹಾಕಿ ಬರೆಯಿರಿ. ಮುಂದಿನ ಭಾನುವಾರ ಅಲ್ಲಿಗೇ ಹೋಗಿರಿ. ವರ್ಷ ತಿರುಗುವುದರೊಳಗೆ ‘ಯಾವುದೋ’ ಎಂಬ ಮಾತು ನಿಮ್ಮ ಬಾಯಿಂದ ಎಷ್ಟು ಸಲ ಕಡಿಮೆಯಾಯಿತೆಂದು ನೀವೇ ಲೆಕ್ಕಹಾಕಬಲ್ಲಿರಿ. ಹೆಸರು ಹಿಡಿದು ಕರೆಯಬಲ್ಲ ವಸ್ತುವನ್ನು ಮನುಷ್ಯನು ಸುಲಭವಾಗಿ ಹಾಳಾಗಗೊಡುವುದಿಲ್ಲ. ನಮ್ಮ ಕೆರೆ, ಬೆಟ್ಟ, ಗೋಮಾಳಗಳಿಗೆ ಈಹೊತ್ತು ಬೇಕಾಗಿರುವ ರಕ್ಷಣೆಯು ಇಲ್ಲಿಂದಲೇ ಪ್ರಾರಂಭವಾಗಬೇಕು.